ಮೊದಲ 20 ನಿಮಿಷ ಪೆನ್ಸಿಲ್ ಮುಟ್ಟಬೇಡಿ

ನನ್ನ ಹೊಟ್ಟೆಪಾಡು ಬೋರ್ಡ್ ಬರೆಯುವುದು. ಬ್ರಷ್ ಹಿಡಿದ ಕೈ ಅಂತ ಆಗಾಗ ಗೋಡೆ ಚಿತ್ರದ ಕೆಲಸವೂ ಬರುತ್ತದೆ. ಹನ್ನೊಂದು ವರ್ಷದ ಹಿಂದೆ ಹಾಗೆ ಒಂದು ಉದ್ದನೆಯ ಗೋಡೆ ಸಿಕ್ಕಿತ್ತು. ನೀರು, ಜೊಂಡು, ನಡುವೆ ಆಳೆತ್ತರದ ಬೆಳ್ಳಕ್ಕಿ. ಬೇರೆಯವರು ಬರೆದಿದ್ದ ಎರಡು ಮೂರು ಚಿತ್ರ ನೋಡಿಕೊಂಡು ನಾಲ್ಕೇ ದಿನದಲ್ಲಿ ಮುಗಿಸಿದೆ. ಬಣ್ಣ ಚೆನ್ನಾಗಿ ಕೂತಿತ್ತು. ಏಣಿ ಇಳಿಸುವಾಗ, ದಿನಾ ಬಂದು ನಿಂತು ನೋಡುತ್ತಿದ್ದ ಎಂಟೊಂಬತ್ತು ವರ್ಷದ ಹುಡುಗಿ ಕೇಳಿದಳು: "ಮಾಮಾ, ಇದರ ಮಂಡಿ ಯಾಕೆ ಮುಂದಕ್ಕೆ ಬಂದಿದೆ? ಬೆಳ್ಳಕ್ಕಿಗೆ ಹಿಂದಕ್ಕೆ ಇರತ್ತಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರ ಸಲ ಬೆಳ್ಳಕ್ಕಿ ನೋಡಿದ್ದೆ, ಒಂದು ಸಲವೂ ಅದರ ಕಾಲು ನೋಡಿರಲಿಲ್ಲ. ಮಾರನೇ ದಿನ ಬೆಳಗ್ಗೆ ಒಂದು ನೋಟ್‌ಬುಕ್ ಹಿಡಿದು ನೀರಿನ ದಂಡೆಗೆ ಹೋಗಿ ಕೂತೆ. ಅಲ್ಲಿಂದ ಶುರುವಾಗಿದ್ದು ಇನ್ನೂ ನಿಂತಿಲ್ಲ. ಪ್ರಾಣಿ, ಹಕ್ಕಿ, ಮರ, ಬೆಟ್ಟ ಬರೆಯಬೇಕು ಅಂತ ಆಸೆ ಇರುವವರಿಗೆ, ಇಷ್ಟು ವರ್ಷ ಹೊರಗೆ ಕೂತು ನನ್ನ ಕೈಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿ ಹೇಳಿದ್ದು ಸರಿ. ಆದರೆ ಹಿಂದಕ್ಕೆ ಕಾಣುವ ಆ ಗಂಟು ಮಂಡಿಯೇ ಅಲ್ಲ. ಅದು ನಮ್ಮ ಹಿಮ್ಮಡಿಯ ಜಾಗ. ಹಕ್ಕಿಯ ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕ, ಗರಿಗಳ ಒಳಗೆ ಮುಚ್ಚಿಕೊಂಡಿರುತ್ತದೆ. ಹಕ್ಕಿ ಯಾವಾಗಲೂ ಬೆರಳುಗಳ ಮೇಲೆ ನಿಂತಿರುತ್ತದೆ. ನಾಯಿ, ಬೆಕ್ಕು, ಜಿಂಕೆಯ ಹಿಂಗಾಲಿಗೂ ಇದೇ ಲೆಕ್ಕ. ನೀವೇ ಎದ್ದು ನಿಂತು ಮಂಡಿ ಸ್ವಲ್ಪ ಮಡಚಿ ತುದಿಗಾಲಲ್ಲಿ ನಿಲ್ಲಿ. ಹಿಮ್ಮಡಿ ಎಷ್ಟು ಮೇಲೆ ಬಂತು ನೋಡಿ. ಇದೊಂದು ಮೈಗೆ ತಿಳಿದರೆ ಮುಂದೆ ಯಾವ ಪ್ರಾಣಿಯ ಕಾಲನ್ನೂ ತಪ್ಪು ಮಡಚುವುದಿಲ್ಲ.

ಚೀಲದಲ್ಲಿ ಏನಿರಬೇಕು

ಜಾಸ್ತಿ ಬೇಡ. ಅಂಗೈಗಿಂತ ಸ್ವಲ್ಪ ದೊಡ್ಡದಾದ ನೋಟ್‌ಬುಕ್, ಗಟ್ಟಿ ರಟ್ಟಿನದು, ಯಾಕೆಂದರೆ ತೊಡೆಯೇ ಮೇಜು. ಒಂದು 2ಬಿ ಪೆನ್ಸಿಲ್ (ಸ್ವಲ್ಪ ಮೆತ್ತಗೆ, ಕಪ್ಪಾಗಿ ಮೂಡುವಂಥದ್ದು), ಒಂದು ಬಾಲ್ ಪೆನ್. ರಬ್ಬರ್ ಮನೆಯಲ್ಲೇ ಬಿಡಿ. ರಬ್ಬರ್ ಇದ್ದರೆ ಕಣ್ಣು ಹಕ್ಕಿಯನ್ನು ಬಿಟ್ಟು ಕಾಗದದ ಮೇಲೇ ಇರುತ್ತದೆ. ತಪ್ಪು ಗೆರೆ ಬಿತ್ತಾ, ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಿರಿ. ತಪ್ಪು ಗೆರೆ ಅಲ್ಲೇ ಇದ್ದರೆ ಸರಿ ಯಾವುದು ಅಂತ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಬೈನಾಕ್ಯುಲರ್ ಇದ್ದರೆ ಒಳ್ಳೆಯದು. 8x42 ಅಂತ ಬರೆದಿರುವುದು ಸಾಕು: ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಆದ್ದರಿಂದ ಮುಂಜಾನೆಯ ಮಂದ ಬೆಳಕಲ್ಲೂ ನಡೆಯುತ್ತದೆ. ಹತ್ತು ಹನ್ನೆರಡು ಪಟ್ಟಿನದು ಕೈಯಲ್ಲಿ ಹಿಡಿದರೆ ನಡುಗುತ್ತದೆ, ಚಿತ್ರಕ್ಕೆ ಪ್ರಯೋಜನ ಇಲ್ಲ.

ವಾಟರ್ ಕಲರ್ ಬಣ್ಣ ಐದು ಸಾಕು. ಅಲ್ಟ್ರಾಮರೀನ್ ನೀಲಿ, ನಿಂಬೆ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಒಂದು ಕೆಂಪು. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಕಲಸಿದರೆ ಎಷ್ಟು ಥರದ ಬೂದು ಬೇಕೋ ಅಷ್ಟೂ ಸಿಗುತ್ತದೆ. ಕಾಡಿನಲ್ಲಿ ಅರ್ಧಕ್ಕರ್ಧ ಬೂದೇ ಇರುವುದು. ಕಪ್ಪು ಟ್ಯೂಬ್ ತೆಗೆದುಕೊಳ್ಳಬೇಡಿ. ಕಾಗೆ ಬರೆಯುವುದಕ್ಕೂ ಅದು ಬೇಡ. ಕಾಗೆಯ ರೆಕ್ಕೆ ಮೇಲೆ ಆಕಾಶ ಬಿದ್ದಾಗ ಅದು ನೀಲಿ ಬೂದು, ಕೆಳಗೆ ನೆಲದ ಬೆಳಕು ತಾಗಿದ ಕಡೆ ಕಂದು. ಟ್ಯೂಬಿನ ಕಪ್ಪು ಹಚ್ಚಿದರೆ ಕಾಗೆ ಇರುವ ಕಡೆ ಕಾಗದಕ್ಕೆ ತೂತು ಬಿದ್ದ ಹಾಗೆ ಕಾಣುತ್ತದೆ.

ಕೂತುಕೊಳ್ಳುವುದು

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಹೋದ ಕೂಡಲೇ ಪೆನ್ಸಿಲ್ ತೆಗೆಯುತ್ತಾರೆ. ನೀವು ನಡೆದು ಬಂದ ಸದ್ದಿಗೆ ಅಲ್ಲಿದ್ದ ಹಕ್ಕಿಗಳೆಲ್ಲ ದೂರ ಸರಿದಿರುತ್ತವೆ, ಉಳಿದವು ಕುತ್ತಿಗೆ ಎತ್ತಿ ನಿಮ್ಮನ್ನೇ ನೋಡುತ್ತಿರುತ್ತವೆ. ಆಗ ಬರೆದರೆ ಹೆದರಿದ ಹಕ್ಕಿಯ ಚಿತ್ರ ಬರುತ್ತದೆ. 20 ನಿಮಿಷ ಸುಮ್ನೆ ಕೂತಿರಿ. ಮರಕ್ಕೆ ಬೆನ್ನು ಕೊಟ್ಟು ಕೂತರೆ ನಿಮ್ಮ ಆಕಾರ ಎದ್ದು ಕಾಣುವುದಿಲ್ಲ. ಸೂರ್ಯ ಬೆನ್ನಿಗೆ ಅಥವಾ ಪಕ್ಕಕ್ಕೆ ಇರಲಿ. ಕೈ ಆಡಿಸಬೇಡಿ. ಸ್ವಲ್ಪ ಹೊತ್ತಿಗೆ ಮೊದಲು ಅಳಿಲು ಇಳಿಯುತ್ತದೆ, ಆಮೇಲೆ ಒಂದೊಂದೇ ಹಕ್ಕಿ ತನ್ನ ಕೆಲಸಕ್ಕೆ ಮರಳುತ್ತದೆ.

ಆ 20 ನಿಮಿಷದಲ್ಲಿ ಕಣ್ಣಿಗೆ ಕೆಲಸ ಕೊಡಿ. ಒಂದು ಹಕ್ಕಿಯನ್ನು ಆರಿಸಿಕೊಂಡು, ಅದು ಪದೇ ಪದೇ ಏನು ಮಾಡುತ್ತದೆ ಅಂತ ಹುಡುಕಿ. ಪ್ರತಿಯೊಂದು ಪ್ರಾಣಿಗೂ ನಾಲ್ಕೈದು ಭಂಗಿ ಇರುತ್ತವೆ, ಅವುಗಳಲ್ಲೇ ಅದು ಸುತ್ತುತ್ತಿರುತ್ತದೆ. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಹಕ್ಕಿ ಕದಲಿತು ಅಂತ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ, ಅದೇ ಭಂಗಿಗೆ ಮತ್ತೆ ಬಂದೇ ಬರುತ್ತದೆ.

ಶುರುವಿಗೆ ಹುಲಿ, ಹದ್ದು ಅಂತ ಹೋಗಬೇಡಿ. ನಿಮಗೆ ದಿನಾ ಸಿಗುವ ಪ್ರಾಣಿ ಬೇಕು. ಮಲಗಿದ ನಾಯಿ, ಮೆಲುಕು ಹಾಕುವ ಹಸು, ಕಾಗೆ, ಪಾರಿವಾಳ. ಆಮೇಲೆ ಬಕ, ಬೆಳ್ಳಕ್ಕಿ. ಹೊರಗಿನ ಪ್ರಾಣಿಗಳಲ್ಲಿ ಇವುಗಳಷ್ಟು ಹೊತ್ತು ಅಲ್ಲಾಡದೆ ನಿಲ್ಲುವವು ಕಮ್ಮಿ.

ಒಂದು ಪುಟ, ಒಂದು ಬಕ

ನಾನು ಬಕ ಬರೆಯುವ ಒಂದು ಬೆಳಗನ್ನೇ ಬಿಡಿಸಿ ಹೇಳುತ್ತೇನೆ.

ಕಂದು ಬೆನ್ನಿನ ಕೊಳದ ಬಕ ಕಲ್ಲಿನ ಮೇಲೆ ಕೂತಿದೆ. ಕುತ್ತಿಗೆ ಪೂರಾ ಒಳಗೆ ಎಳೆದುಕೊಂಡಿದೆ, ತಲೆ ನೇರ ಭುಜಕ್ಕೇ ಅಂಟಿದ ಹಾಗೆ. ಮೊದಲ ಗೆರೆ ಬೆನ್ನಿನ ಓರೆ. ಕೊಕ್ಕಲ್ಲ, ಕಣ್ಣಲ್ಲ. ನೆತ್ತಿಯಿಂದ ಬಾಲದ ತುದಿಗೆ ಒಂದೇ ಗೆರೆ. ಈ ಓರೆ ತಪ್ಪಿದರೆ ಮೇಲೆ ಎಷ್ಟು ಚಂದದ ಗರಿ ಬರೆದರೂ ಹಕ್ಕಿ ಬಿದ್ದುಹೋಗುವ ಹಾಗೆ ಕಾಣುತ್ತದೆ. ಎರಡನೆಯದು ಮೈಯ ಮೊಟ್ಟೆ ಆಕಾರ. ಮೂರನೆಯದು ಪಾದ ಎಲ್ಲಿದೆ ಅಂತ ಒಂದು ಚುಕ್ಕೆ. ಮೈಯ ಭಾರ ಪಾದದ ಮೇಲೆ ಬೀಳುತ್ತಿದೆಯಾ ನೋಡಿ. ಬೀಳದಿದ್ದರೆ ಚುಕ್ಕೆಯನ್ನು ಜರುಗಿಸಿ. ಕಾಲು ಎಳೆಯುವುದು ಆಮೇಲೆ.

ಅಷ್ಟರಲ್ಲಿ ಬಕ ಎದ್ದು ಕುತ್ತಿಗೆ ಚಾಚಿತು. ಮೊದಲ ಚಿತ್ರ ಅಲ್ಲೇ ಬಿಡಿ. ಅದೇ ಪುಟದಲ್ಲಿ ಪಕ್ಕಕ್ಕೆ ಎರಡನೆಯದು ಶುರು ಮಾಡಿ. ಈಗ ಕುತ್ತಿಗೆ ನೋಡಿ, ಅದು ಹಾವಿನ ಥರ ಎಲ್ಲ ಕಡೆ ಒಂದೇ ಸಮನೆ ಬಾಗುವುದಿಲ್ಲ. ಒಂದು ಕಡೆ ಮುರಿದ ಹಾಗೆ ಮೂಲೆ ಕಾಣುತ್ತದೆ. ಬಕ, ಬೆಳ್ಳಕ್ಕಿಗಳ ಕುತ್ತಿಗೆಯಲ್ಲಿ ಆರನೆಯ ಮೂಳೆಯ ಆಕಾರವೇ ಬೇರೆ, ಅಲ್ಲೇ ಕುತ್ತಿಗೆ ಮಡಚಿಕೊಳ್ಳುವುದು. ಈಟಿ ಎಸೆದ ಹಾಗೆ ಕೊಕ್ಕು ಮುಂದಕ್ಕೆ ನುಗ್ಗುವ ಶಕ್ತಿ ಆ ಮಡಿಕೆಯಿಂದ ಬರುತ್ತದೆ. ಅದನ್ನು ನುಣ್ಣಗೆ ಬಳುಕಿಸಿದರೆ ಬಕ ಹಂಸವಾಗಿಬಿಡುತ್ತದೆ. ಹಾರುವಾಗಲೂ ಅಷ್ಟೇ, ಬಕದ ಜಾತಿಯವು ಕುತ್ತಿಗೆ ಮಡಚಿಕೊಂಡು ಹಾರುತ್ತವೆ. ಬಣ್ಣದ ಕೊಕ್ಕರೆಯಂಥವು ಉದ್ದಕ್ಕೆ ಚಾಚಿಕೊಂಡು ಹಾರುತ್ತವೆ.

ಏಳೆಂಟು ಚಿತ್ರ ಹೀಗೆ ಅರ್ಧರ್ಧ ಆದಮೇಲೆ ಬಕ ಮತ್ತೆ ಮೊದಲಿನಂತೆ ಕುಗ್ಗಿ ಕೂರುತ್ತದೆ. ಆಗ ಮೊದಲ ಚಿತ್ರಕ್ಕೆ ವಾಪಸ್ ಹೋಗಿ, ಬಿಟ್ಟಿದ್ದ ಕಡೆಯಿಂದ ಮುಂದುವರಿಸಿ. ಒಂದೂವರೆ ಗಂಟೆಯಲ್ಲಿ ಪುಟದ ಮೇಲೆ ಒಂದು ಚಿತ್ರವೂ ಪೂರ್ತಿ ಆಗಿರಲಿಕ್ಕಿಲ್ಲ. ಆದರೆ ಆ ಬಕ ಪೂರ್ತಿಯಾಗಿ ಆ ಪುಟದಲ್ಲಿ ಇರುತ್ತದೆ.

ಗರಿಗಳನ್ನು ಒಂದೊಂದಾಗಿ ಎಣಿಸುತ್ತಾ ಬರೆಯಬೇಡಿ. ಗರಿಗಳು ಗುಂಪು ಗುಂಪಾಗಿ ಇರುತ್ತವೆ: ಭುಜದ ಮೇಲೆ ಒಂದು ಹೊದಿಕೆ, ರೆಕ್ಕೆಯ ಬುಡ ಮುಚ್ಚುವ ಸಣ್ಣ ಗರಿಗಳ ಸಾಲು, ಕೆಳಗೆ ಹಾರುವ ಉದ್ದ ಗರಿಗಳ ಸಾಲು. ಗುಂಪಿನ ಅಂಚು ಮಾತ್ರ ಗುರುತು ಮಾಡಿ. ಹತ್ತಿರದ ಒಂದು ಕಡೆ ಮೂರೋ ನಾಲ್ಕೋ ಗರಿ ಬಿಡಿಸಿದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಖಾಲಿ ಜಾಗ

ಬೋರ್ಡ್ ಕೆಲಸದಿಂದ ನಾನು ಕಾಡಿಗೆ ತೆಗೆದುಕೊಂಡು ಹೋದದ್ದು ಇದೊಂದನ್ನು. ಅಕ್ಷರ ಬರೆಯುವವನು ಅಕ್ಷರ ನೋಡುವುದಿಲ್ಲ, ಅಕ್ಷರದ ಒಳಗಿನ, ನಡುವಿನ ಖಾಲಿ ನೋಡುತ್ತಾನೆ. 'ಲ' ಬರೆದಾಗ ಒಳಗಿನ ಬಿಳಿ ಸರಿ ಕೂತಿದೆಯಾ, ಅಷ್ಟೇ. ಬಿಳಿ ಸರಿಯಿದ್ದರೆ ಕಪ್ಪೂ ಸರಿ ಇರುತ್ತದೆ.

ಜಿಂಕೆಯ ನಾಲ್ಕು ಕಾಲು ಬರೆಯಲು ಒದ್ದಾಡುತ್ತಿದ್ದೀರಾ? ಕಾಲು ಬಿಡಿ, ಕಾಲುಗಳ ನಡುವೆ ಕಾಣುವ ಹುಲ್ಲಿನ ತುಂಡಿನ ಆಕಾರ ಬರೆಯಿರಿ. ಅದು ಮುಕ್ಕೋನವೋ, ಉದ್ದನೆಯ ಪಟ್ಟಿಯೋ? ಕಾಲು ಅಂದ ಕೂಡಲೇ ನಮ್ಮ ತಲೆ ತನಗೆ ಗೊತ್ತಿರುವ ಕಾಲನ್ನು ಕೈಗೆ ಕೊಡುತ್ತದೆ. ನನ್ನ ಗೋಡೆ ಮೇಲೆ ಆಗಿದ್ದು ಅದೇ. ಹುಲ್ಲಿನ ತುಂಡಿಗೆ ಹೆಸರಿಲ್ಲ, ಆದ್ದರಿಂದ ಕಣ್ಣು ಅದನ್ನು ಇದ್ದ ಹಾಗೆ ನೋಡುತ್ತದೆ.

ಮರಕ್ಕೂ ಇದೇ ದಾರಿ. ಎಲೆಗಳ ರಾಶಿಯ ನಡುವೆ ಆಕಾಶ ಇಣುಕುವ ಕಿಂಡಿಗಳಿರುತ್ತವೆ. ಆ ಕಿಂಡಿ ಸರಿಯಾದ ಜಾಗದಲ್ಲಿ ಬಿದ್ದರೆ ಮರ ಉಸಿರಾಡುತ್ತದೆ. ಅವನ್ನು ಮರೆತರೆ ಹಸಿರು ಮುದ್ದೆ.

ಬಣ್ಣ ಮೋಸ ಮಾಡುವ ಕಡೆ

ಮಿಂಚುಳ್ಳಿಯ ನೀಲಿಗೆ ನಾನು ಎರಡು ವರ್ಷ ಬಣ್ಣ ಹುಡುಕಿದ್ದೇನೆ. ಯಾವ ಟ್ಯೂಬಿನಲ್ಲೂ ಅದು ಇಲ್ಲ, ಯಾಕೆಂದರೆ ಹಕ್ಕಿಯ ಮೈಮೇಲೂ ಆ ನೀಲಿ ಬಣ್ಣ ಅನ್ನುವುದು ಇಲ್ಲ. ಹೊಟ್ಟೆಯ ಕಿತ್ತಳೆ ನಿಜವಾದ ಬಣ್ಣದ ಕಣಗಳಿಂದ ಬಂದದ್ದು. ಬೆನ್ನಿನ ನೀಲಿ ಹಾಗಲ್ಲ. ಗರಿಯೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗೆ ಬೆಳಕು ತಾಗಿ ಚದುರುವಾಗ ಹುಟ್ಟುವ ನೀಲಿ ಅದು. ಅದಕ್ಕೇ ನೆರಳಲ್ಲಿ ಕೂತ ಮಿಂಚುಳ್ಳಿ ಮಂಕಾಗಿ, ಬಿಸಿಲಿಗೆ ತಿರುಗಿದ ಕೂಡಲೇ ಕಿಡಿ ಹಾರಿದ ಹಾಗೆ ಕಾಣುವುದು. ಇದು ಗೊತ್ತಾದ ಮೇಲೆ ನಾನು ಕಡು ನೀಲಿ ಹಚ್ಚುವುದು ಬಿಟ್ಟೆ. ಈಗ ಸುತ್ತಲಿನ ಕೊಂಬೆ, ಎಲೆ, ನೀರು ಎಲ್ಲವನ್ನೂ ಬೂದು ಕಂದಿಗೆ ಇಳಿಸುತ್ತೇನೆ, ಬೆನ್ನಿನ ನಡುವೆ ಮಾತ್ರ ಒಂದು ಪಟ್ಟಿ ತಿಳಿ ನೀಲಿ ಬಿಡುತ್ತೇನೆ. ಸುತ್ತಲೂ ಮಂಕಾಗಿದ್ದರೆ ಅದು ತಾನೇ ಮಿಂಚುತ್ತದೆ.

ಬೆಳ್ಳಕ್ಕಿಯದು ಇನ್ನೊಂದು ಥರ. ಬಿಳಿ ಹಕ್ಕಿ ಬಿಳಿಯಾಗಿ ಕಾಣುವುದು ಬಿಸಿಲು ಬಿದ್ದ ಕಡೆ ಮಾತ್ರ. ನೆರಳಿನ ಕಡೆ ಆಕಾಶದ ನೀಲಿ, ಹೊಟ್ಟೆಯ ಕೆಳಗೆ ಹುಲ್ಲಿನಿಂದ ಎದ್ದು ಬಂದ ಹಸಿರು ಹಳದಿ. ಬಿಸಿಲಿನ ಕಡೆ ಕಾಗದವನ್ನು ಹಾಗೇ ಬಿಟ್ಟು, ನೆರಳನ್ನಷ್ಟೇ ಬರೆಯಿರಿ. ಹಕ್ಕಿಯ ಸುತ್ತ ಗೆರೆ ಎಳೆಯಬೇಡಿ, ಹಿಂದಿನ ಹುಲ್ಲಿನ ಬಣ್ಣವೇ ಅದರ ಅಂಚು.

ಹೊರಗೆ ಕೂತಾಗ ಎಲ್ಲ ಬಣ್ಣ ಹಚ್ಚಲೇಬೇಕು ಅಂತಿಲ್ಲ. ಚಿತ್ರದ ಪಕ್ಕ ಪದಗಳಲ್ಲಿ ಬರೆದಿಡಿ: 'ಕಾಲು ಒಣಹುಲ್ಲಿನ ಹಳದಿ', 'ಬೆನ್ನು ಒದ್ದೆ ಮಣ್ಣಿನ ಹಾಗೆ'. ಮನೆಗೆ ಬಂದಾಗ ಫೋಟೋಗಿಂತ ಈ ಮಾತುಗಳೇ ಜಾಸ್ತಿ ನೆರವಾಗುತ್ತವೆ.

ಬೆಟ್ಟ, ಬಯಲು, ಮೋಡ

ದೃಶ್ಯ ಬರೆಯುವಾಗ ಪುಟದ ಮೂಲೆಯಲ್ಲಿ ಮೊದಲು ಗಂಟೆ ಬರೆಯಿರಿ, ಸೂರ್ಯ ಯಾವ ಕಡೆಯಿಂದ ಅಂತ ಒಂದು ಬಾಣ ಹಾಕಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎಡ ಮೂಲೆಯಿಂದ ಶುರು ಮಾಡಿ ಬಲ ಮೂಲೆಗೆ ಬರುವಷ್ಟರಲ್ಲಿ ನೆರಳೆಲ್ಲ ಜಾಗ ಬದಲಿಸಿರುತ್ತದೆ, ಒಂದೇ ಚಿತ್ರದಲ್ಲಿ ಎರಡು ಸೂರ್ಯ ಬಂದ ಹಾಗೆ ಆಗುತ್ತದೆ. ಅದಕ್ಕೆ ಮೊದಲ ಐದು ನಿಮಿಷದಲ್ಲಿ ನೆರಳುಗಳ ಆಕಾರ ಅಷ್ಟನ್ನೂ ಗೀಚಿ ಮುಗಿಸಿ. ಆಮೇಲೆ ಬೆಳಕು ಏನೇ ಆದರೂ ಆ ನೆರಳನ್ನು ಬದಲಿಸಬೇಡಿ.

ಹೊತ್ತು, ಮೋಡ, ಗಾಳಿ ಗುರುತು ಹಾಕುವ ಚಾಳಿ ನನಗೆ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಅವರಿಂದ ಬಂತು. 1821, 1822ರಲ್ಲಿ ಅವರು ಲಂಡನ್ ಹತ್ತಿರದ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂತು ಬರೀ ಆಕಾಶದ ಚಿತ್ರಗಳನ್ನು ಸಾಲಾಗಿ ಬರೆದರು. ಎಷ್ಟೋ ಚಿತ್ರಗಳ ಹಿಂದೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟಿದ್ದಾರೆ. ಮೋಡವನ್ನು ಅಷ್ಟು ಗೌರವದಿಂದ ನೋಡಿದ್ದಾರೆ ಅಂತ ನನಗೆ ಅನಿಸುತ್ತದೆ.

ದೂರ ತೋರಿಸಲು ಗಾಳಿಯನ್ನು ಬರೆಯಬೇಕು. ನಿಮಗೂ ದೂರದ ಬೆಟ್ಟಕ್ಕೂ ನಡುವೆ ಮೈಲಿಗಟ್ಟಲೆ ಗಾಳಿ ಇದೆ, ಅದು ಬೆಳಕನ್ನು ಚದುರಿಸುತ್ತದೆ. ಅದಕ್ಕೆ ಹಿಂದಿನ ಬೆಟ್ಟ ನೀಲಿಯಾಗಿ, ತಿಳಿಯಾಗಿ ಕಾಣುತ್ತದೆ. ಹಿಂದೆ ಹೋದಂತೆ ಬಣ್ಣಕ್ಕೆ ನೀರು ಜಾಸ್ತಿ, ಗೆರೆ ಕಮ್ಮಿ. ಅಲ್ಲಿನ ಮರಗಳು ನಿಮಗೆ ಗೊತ್ತು, ಆದರೆ ಇಲ್ಲಿಂದ ಕಾಣುತ್ತಿಲ್ಲ. ಬರೆಯಬೇಡಿ. ಆಕಾಶವೂ ಒಂದೇ ನೀಲಿ ಅಲ್ಲ, ನೆತ್ತಿಯ ಮೇಲೆ ಗಾಢ, ದಿಗಂತದ ಹತ್ತಿರ ಬಹುತೇಕ ಬಿಳಿ.

ಹಸಿರಿನದು ಒಂದೇ ಮಾತು: ನೀಲಿ ಹಳದಿ ಕಲಸಿದ ಮೇಲೆ ಒಂದು ಚೂರು ಬರ್ಂಟ್ ಸಿಯೆನ್ನಾ ಸೇರಿಸಿ. ಪ್ಲಾಸ್ಟಿಕ್ ಹಸಿರು ಹೋಗಿ ಎಲೆಯ ಹಸಿರು ಬರುತ್ತದೆ.

ಬೇರೆಯವರ ಚಿತ್ರ, ಫೋಟೋ

1515ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಘೇಂಡಾಮೃಗದ ಚಿತ್ರವನ್ನು ಮರದ ಅಚ್ಚಿನಲ್ಲಿ ಮಾಡಿದರು. ಅವರು ಆ ಪ್ರಾಣಿಯನ್ನು ನೋಡಿರಲಿಲ್ಲ. ಒಂದು ಪತ್ರದ ವಿವರ, ಯಾರೋ ಗೀಚಿದ ಚಿತ್ರ, ಅಷ್ಟೇ ಆಧಾರ. ಮೈಮೇಲೆ ಕವಚದ ತಗಡು, ಭುಜದ ಹತ್ತಿರ ಇಲ್ಲದ ಒಂದು ಪುಟ್ಟ ಕೊಂಬು. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಯುರೋಪಿನ ಕಲಾವಿದರು ಇನ್ನೂರು ವರ್ಷಕ್ಕೂ ಮೇಲೆ ಅದನ್ನೇ ನೋಡಿ ನಕಲು ಮಾಡಿದರು. ಅದೇ ಡ್ಯೂರರ್ 1502ರಲ್ಲಿ ಎದುರಿಗಿಟ್ಟುಕೊಂಡು ನೋಡಿದಂತೆ ಬರೆದ ಮೊಲವನ್ನು ನೋಡಿ. ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬ ಕೂಡ ಇದೆ. ಕೈ ಒಂದೇ, ನೋಡಿದ್ದು ಬೇರೆ.

ಫೋಟೋ ಬೇಡ ಅಂತ ನಾನು ಹೇಳುವುದಿಲ್ಲ. ಕಣ್ಣು ಹಿಡಿಯಲಾರದ್ದನ್ನು ಅದು ಹಿಡಿಯುತ್ತದೆ. ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟಾಗ ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ, ಹಿಂದೆ ಮುಂದೆ ಚಾಚಿರುವುದಿಲ್ಲ ಅಂತ ಖಚಿತವಾಗಿದ್ದು 1878ರಲ್ಲಿ, ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಸಾಲಾಗಿ ತೆಗೆದ ಫೋಟೋಗಳಿಂದ. ನಾನೂ ಫೋಟೋ ನೋಡುತ್ತೇನೆ, ಆದರೆ ಸ್ಕೆಚ್ ಆದಮೇಲೆ, ಒಂದು ಅನುಮಾನ ಕೇಳುವುದಕ್ಕೆ: ಕೊಕ್ಕಿನ ಬುಡ ಕಣ್ಣಿಗಿಂತ ಎಷ್ಟು ಕೆಳಗೆ? ಉತ್ತರ ಸಿಕ್ಕಿತಾ, ಫೋನ್ ಒಳಗೆ. ಹತ್ತಿರದಿಂದ ಫೋನ್‌ನಲ್ಲಿ ತೆಗೆದರೆ ಪ್ರಾಣಿಯ ಮೂತಿ ದೊಡ್ಡದಾಗಿ ಮೈ ಚಿಕ್ಕದಾಗುತ್ತದೆ ಅನ್ನುವುದೂ ನೆನಪಿರಲಿ.

ನನಗೆ ತುಂಬಾ ಇಷ್ಟವಾದವರು ಹುಳು, ಚಿಟ್ಟೆ ಬರೆಯುತ್ತಿದ್ದ ಜರ್ಮನಿಯ ಮರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಕಂಬಳಿಹುಳು ಸಾಕಿ, ಅದು ಚಿಟ್ಟೆಯಾಗುವವರೆಗೆ ಕಾದು, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಅದು ತಿನ್ನುವ ಗಿಡದ ಮೇಲೇ ಬರೆದರು. ಹುಳುವಿನ ಜೊತೆ ಅದರ ಊಟವನ್ನೂ ಬರೆದದ್ದರಿಂದ ಆ ಚಿತ್ರಗಳಲ್ಲಿ ಒಂದು ಬದುಕೇ ಇದೆ. ನೀವೂ ಹಕ್ಕಿಯನ್ನು ಖಾಲಿ ಬಿಳಿಯಲ್ಲಿ ತೇಲಿಸಬೇಡಿ. ಅದು ಹಿಡಿದ ಕೊಂಬೆ, ನಿಂತ ಕೆಸರು, ಕೊಕ್ಕಿಗೆ ಅಂಟಿದ ಪಾಚಿ ಬರೆಯಿರಿ.

ಎಷ್ಟು ಹತ್ತಿರ ಹೋಗಬಹುದು

ಅಮೆರಿಕದ ಆಡುಬಾನ್ ಹಕ್ಕಿಗಳನ್ನು ಅವುಗಳ ನಿಜ ಗಾತ್ರದಲ್ಲೇ ಬರೆದರು. 1827ರಿಂದ 1838ರವರೆಗೆ 435 ಚಿತ್ರಗಳು ಅಚ್ಚಾದವು. ಅದಕ್ಕಾಗಿ ಅವರು ಹಕ್ಕಿಗಳನ್ನು ಗುಂಡು ಹೊಡೆದು, ತಂತಿಯಿಂದ ಭಂಗಿಗೆ ನಿಲ್ಲಿಸುತ್ತಿದ್ದರು. ಆ ಕಾಲದಲ್ಲಿ ಬೈನಾಕ್ಯುಲರ್ ಇಷ್ಟು ಚೆನ್ನಾಗಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ನಮಗೆ ಆ ಸಬೂಬು ಇಲ್ಲ.

ಗೂಡಿನ ಹತ್ತಿರ ಕೂರಲೇಬೇಡಿ. ನೀವು ಅಲ್ಲಿದ್ದಷ್ಟು ಹೊತ್ತು ತಾಯಿ ಗೂಡಿಗೆ ಬರುವುದಿಲ್ಲ, ಮೊಟ್ಟೆ ತಣ್ಣಗಾಗುತ್ತದೆ ಅಥವಾ ಮರಿ ಬಿಸಿಲಿಗೆ ಬೇಯುತ್ತದೆ. ಚಂದ ಕಾಣಲಿ ಅಂತ ಅಡ್ಡ ಬಂದ ಕೊಂಬೆ ಮುರಿಯಬೇಡಿ, ಆ ಕೊಂಬೆಯೇ ಗೂಡಿಗೆ ಮರೆ. ಹಕ್ಕಿಯ ಕೂಗನ್ನು ಫೋನ್‌ನಲ್ಲಿ ಹಾಕಿ ಕರೆಯಬೇಡಿ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತು ಅಂತ ತಿಳಿದು, ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಪ್ರಾಣಿ ತಿನ್ನುವುದು ನಿಲ್ಲಿಸಿ ನಿಮ್ಮತ್ತ ತಲೆ ಎತ್ತಿದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಸದ್ದಿಲ್ಲದೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಅದು ಮತ್ತೆ ತಿನ್ನಲು ಶುರು ಮಾಡುವವರೆಗೆ ಕಾಯಿರಿ.

ಮನೆಗೆ ಬಂದ ಮೇಲೆ

ದೊಡ್ಡ ಚಿತ್ರ ಮಾಡುವುದಾದರೆ ಅದೇ ದಿನ ಸಂಜೆ ಶುರು ಮಾಡಿ, ನೆನಪು ಇನ್ನೂ ಹಸಿ ಇರುತ್ತದೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಇದ್ದರೆ ನೀರು ಬಿದ್ದಾಗ ಅಷ್ಟಾಗಿ ಮುದುಡುವುದಿಲ್ಲ. ನೋಟ್‌ಬುಕ್ಕಿನ ಅರ್ಧರ್ಧ ಚಿತ್ರಗಳಲ್ಲಿ ನಿಮಗೆ ಯಾವುದರ ಮೇಲೆ ಕಣ್ಣು ನಿಲ್ಲುತ್ತದೋ ಅದನ್ನು ಆರಿಸಿಕೊಳ್ಳಿ. ಅದು ಅಚ್ಚುಕಟ್ಟಾಗಿ ಬಂದ ಚಿತ್ರವೇ ಆಗಿರಬೇಕು ಅಂತೇನಿಲ್ಲ.

ತಿಳಿಯಿಂದ ಗಾಢಕ್ಕೆ ಹೋಗಿ. ಕಣ್ಣು ಕೊನೆಗೆ. ಕಣ್ಣಿನ ಮಿನುಗು ಚುಕ್ಕೆಯನ್ನು ಬೆಳಕು ಬರುವ ಕಡೆಗೇ ಇಡಿ, ಪಕ್ಕಕ್ಕೆ ಸರಿದರೆ ಹಕ್ಕಿ ಬೇರೆ ಯಾವುದೋ ಲೋಕದಲ್ಲಿ ಕೂತ ಹಾಗೆ ಕಾಣುತ್ತದೆ. ಆ ಚುಕ್ಕೆಗೆ ನಾನು ಬಿಳಿ ಬಣ್ಣ ಬಳಸುವುದಿಲ್ಲ, ಶುರುವಿನಲ್ಲೇ ಅಷ್ಟು ಕಾಗದ ಬಿಟ್ಟುಕೊಂಡಿರುತ್ತೇನೆ.

ಆ ಗೋಡೆಯ ಬೆಳ್ಳಕ್ಕಿಯ ಕಾಲನ್ನು ಮುಂದಿನ ವರ್ಷ ಹೋಗಿ ಸರಿ ಮಾಡಿ ಬಂದೆ. ಹಳೆಯ ಕಾಲಿನ ಮೇಲೆ, ಹಿಂದಿನ ನೀರಿಗೆ ಹಚ್ಚಿದ್ದ ಬಣ್ಣವನ್ನೇ ಮೂರು ಕೋಟ್ ಹಚ್ಚಿ ಮುಚ್ಚಬೇಕಾಯಿತು. ಹೊಸ ಕಾಲು ಬರೆಯಲು ಹತ್ತು ನಿಮಿಷ ಹಿಡಿಯಿತು.